ಪ್ರೀತಿಯಿಂದ ಹಾಕಿಕೊಡುವ ಲೋಟ
(ತೋಟದ ಲೈನ್ ಮನೆಗಳ ಕುಟುಂಬ ಕೂಟದಲ್ಲಿ ಆಡಿದ ಮಾತು)



ಕುಡಿತದ ಮಾತು ಬಂದರೆ ನಾವು ಹರೆಯದ ಹುಡುಗರನ್ನೇ ಬಯ್ಯುತ್ತೇವೆ. ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ಮುದುಕರ ವಿಷಯ ಯಾರೂ ಎತ್ತುವುದಿಲ್ಲ. "ಮಳೆಯಲ್ಲಿ ಮಂಜಿನಲ್ಲಿ ದುಡಿದ ಜೀವ, ಇನ್ನೆಷ್ಟು ದಿನ ಇದ್ದೀತು? ಸಂಜೆಗೆ ಒಂದಿಷ್ಟು ಬ್ರಾಂದಿ ಕುಡಿಯಲಿ ಬಿಡಿ" ಎಂದು ನಾವೇ ತಂದುಕೊಡುತ್ತೇವೆ. ಅದರಲ್ಲಿ ಪ್ರೀತಿ ಇದೆ, ಸುಳ್ಳಲ್ಲ. ಆದರೆ ಪ್ರೀತಿಗೆ ತಿಳುವಳಿಕೆಯೂ ಬೇಕು.

ನಮ್ಮ ಲೈನಿನಲ್ಲಿ ನಡೆದದ್ದನ್ನೇ ಹೇಳುತ್ತೇವೆ. ಹಾಸಿಗೆ ಹಿಡಿದ ಹಿರಿಯರೊಬ್ಬರಿಗೆ ಸೊಸೆ ದಿನವೂ ಅಳೆದು ಕೊಡುತ್ತಿದ್ದಳು. ನಾವು ನಾಲ್ಕು ಜನ ಹೋಗಿ, "ಇಂದಿನಿಂದ ಒಂದು ತೊಟ್ಟೂ ಬೇಡ" ಎಂದು ಬುದ್ಧಿ ಹೇಳಿ ಬಂದೆವು. ಒಳ್ಳೆಯ ಕೆಲಸವಾಯಿತೆಂದು ಹಿಗ್ಗಿದೆವು. ಮರುದಿನ ಅವರ ಕೈ ನಡುಗಿತು, ಬೆವರು ಸುರಿಯಿತು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳು ಹರಿಯುತ್ತಿವೆ ಎಂದು ಕೂಗಾಡಿದರು. ದೆವ್ವ ಹಿಡಿದಿದೆ ಎಂದರು ಕೆಲವರು. ನಾವು ಪ್ರಾರ್ಥನೆ ಮಾಡುತ್ತ ಬೆಳಗಿನವರೆಗೆ ಕೂತೆವು. ಜೀಪು ತರಿಸಿದ್ದು ಆಮೇಲೆ. "ರಾತ್ರಿಯೇ ಯಾಕೆ ಕರೆತರಲಿಲ್ಲ?" ಎಂದು ಡಾಕ್ಟರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಹಿರಿಯರು ಉಳಿದರು. ತಪ್ಪು ಸೊಸೆಯದಲ್ಲ, ನಮ್ಮದು.

ಅಂದು ಕಲಿತದ್ದು ಇದು: ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರಿಗೆ ಒಮ್ಮೆಲೇ ನಿಲ್ಲಿಸಿದರೆ, ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಬಿಡಿಸಲೇಬೇಕು, ಆದರೆ ಡಾಕ್ಟರ ಕೈಯಲ್ಲಿ ಬಿಡಿಸಬೇಕು. ನಡುಕಕ್ಕೆ ಮಾತ್ರೆ ಇದೆ, ಬಿ 1 ವಿಟಮಿನ್ ಸೂಜಿ ಇದೆ.

ಹಾಗಾದರೆ ಕೊಡುತ್ತಲೇ ಇರಬಹುದೇ? ಅದೂ ಅಲ್ಲ. ವಯಸ್ಸಾದಂತೆ ಮೈಯಲ್ಲಿ ನೀರಿನ ಅಂಶ ಇಳಿಯುತ್ತದೆ. 40ರಲ್ಲಿ ತಡೆದುಕೊಂಡ ಅಳತೆಯೇ 70ರಲ್ಲಿ ತಲೆಗೇರುತ್ತದೆ. ನೀಲಗಿರಿಯ ಚಳಿಗೆ ಒಳ್ಳೆಯದೆಂಬುದೂ ಸುಳ್ಳು: ಚರ್ಮ ಬೆಚ್ಚಗೆನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ನಿದ್ದೆ ಮಾತ್ರೆಯೊಡನೆ ಸೇರಿದರೆ ಉಸಿರು ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಹಸಿದ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆಗಿನ ತೊದಲು, ತೂಕಡಿಕೆ ನೋಡಿ "ಅಮಲು, ಮಲಗಲಿ" ಎಂದು ನಾವು ಸುಮ್ಮನಾಗುತ್ತೇವೆ. ಅಲ್ಲಿಯೇ ಜೀವ ಹೋಗುತ್ತದೆ.

ಆದ್ದರಿಂದ ನಮ್ಮೆಲ್ಲರ ಮನೆಗೂ ಮೂರು ಮಾತು. ಆಸ್ಪತ್ರೆಗೆ ಹೋದಾಗ ಹಿರಿಯರು ಎಷ್ಟು ಕುಡಿಯುತ್ತಾರೆಂಬುದನ್ನು ನಾಚದೆ ಹೇಳೋಣ. ನಡುಕ, ಫಿಟ್ಸ್, ಭ್ರಮೆ ಕಂಡರೆ ಬೆಳಗಾಗಲೆಂದು ಕಾಯದೆ ಹೊರಡೋಣ. ಕುಡಿತ ಬಿಡಿಸುವ ಸಲಹೆಗೆ 14446, ಮನಸ್ಸಿನ ನೋವಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗಳಿವೆ, ಎರಡಕ್ಕೂ ಹಣವಿಲ್ಲ.

ಮೂರನೆಯದು ಹಣವೂ ಡಾಕ್ಟರೂ ಬೇಡದ ಮಾತು. ನಾವೆಲ್ಲ ಎಲೆ ಕೀಳಲು ಹೋದ ಮೇಲೆ ಲೈನಿನಲ್ಲಿ ಆ ಮುದುಕರು ಒಬ್ಬರೇ. ಸಂಜೆ ಬಂದು ಲೋಟ ತುಂಬಿಕೊಟ್ಟು ಒಳಗೆ ಹೋಗುತ್ತೇವೆ. ಇಂದು ಬಿಸಿ ಚಹಾ ಹಿಡಿದು, ಅವರ ಪಕ್ಕದಲ್ಲಿ ಅರ್ಧ ಗಂಟೆ ಕೂರೋಣ.