ಲೆಕ್ಕ ಕಲಿಯುವುದೂ ದೀನಿನ ಕೆಲಸವೇ
(ಜುಮಾ ಖುತ್ಬಾದ ಸಾರ)



ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿ(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಹಾಗೂ ಅನುಗ್ರಹವಿರಲಿ.

ದ್ವಿತೀಯ ಪಿಯುಸಿ ಫಲಿತಾಂಶ ಬಂದಿದೆ. ವಿಜ್ಞಾನ ಓದಿದ ಮಕ್ಕಳಿಗೆ ನೀಟ್, ಸಿಇಟಿ ಎಂದು ದಾರಿ ಹೇಳುವವರು ಬಹಳ ಮಂದಿ. ವಾಣಿಜ್ಯ ಓದಿದ ಮಗನ ಬಗ್ಗೆ ಕೇಳಿದರೆ, "ಏನೋ ಬಿಕಾಂ ಮಾಡ್ತಾನೆ, ಆಮೇಲೆ ಗಲ್ಫಿಗೆ ಹೋಗ್ತಾನೆ" ಎಂಬ ಉತ್ತರ ಬರುತ್ತದೆ. ಮಗಳಾದರೆ, "ಮದುವೆಯಾಗುವವರೆಗೆ ಕಾಲೇಜಿಗೆ ಹೋಗಲಿ" ಎನ್ನುತ್ತಾರೆ. ಮಕ್ಕಳ ಮೂರು ವರ್ಷದ ಆಯುಷ್ಯವನ್ನು ಹೀಗೆ 'ಏನೋ' ಎಂದು ಕಳೆಯಲು ಬಿಡಬಹುದೇ? ಆಯುಷ್ಯವನ್ನು ಯಾವುದರಲ್ಲಿ ಕಳೆದೆ, ಸಂಪತ್ತನ್ನು ಹೇಗೆ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂದು ನಾಳೆ ಪರಲೋಕದಲ್ಲಿ ಪ್ರಶ್ನೆಯಿದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ.

ಪವಿತ್ರ ಕುರ್‌ಆನಿನ ಅತಿ ಉದ್ದದ ಸೂಕ್ತ ಯಾವುದು? ಸೂರಃ ಅಲ್ ಬಕರದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರ. ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಬರೆಯಬಲ್ಲವನು ಒಲ್ಲೆನೆನ್ನಬಾರದು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು, ಸಾಕ್ಷಿಗಳಿರಬೇಕು ಎಂದು ಅಲ್ಲಾಹನು ಅದರಲ್ಲಿ ಕಲಿಸುತ್ತಾನೆ. ಅಕೌಂಟೆನ್ಸಿ ತರಗತಿಯಲ್ಲಿ ಕೂರುವ ನಮ್ಮ ಮಗ ಕಲಿಯುವುದು ಈ ಸೂಕ್ತಕ್ಕೆ ಬೇಕಾದ ವಿದ್ಯೆಯನ್ನೇ. ದೀನಿನ ನಿಯಮ ತಿಳಿಯದವರು ನಮ್ಮ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಬಾರದು ಎಂದು ಖಲೀಫಾ ಉಮರ್(ರ) ಆಜ್ಞಾಪಿಸಿದ್ದರೆಂದು ವರದಿಯಿದೆ.

ಆದರೆ ನಮ್ಮ ಸ್ಥಿತಿ ನೋಡಿ. ಅಣ್ಣ ಗಲ್ಫಿನಿಂದ ಹಣ ಕಳುಹಿಸಿದ, ತಮ್ಮ ಅಂಗಡಿ ನೋಡಿಕೊಂಡ. ಅದು ಸಾಲವೋ ಪಾಲೋ ಎಂದು ಎಲ್ಲೂ ಬರೆದಿಲ್ಲ. ಹದಿನೈದು ವರ್ಷಗಳ ಬಳಿಕ ಇಬ್ಬರೂ ಜಮಾಅತ್ ಕಮಿಟಿಯ ಮುಂದೆ ನಿಲ್ಲುತ್ತಾರೆ. ಇಬ್ಬರೂ ಕಳ್ಳರಲ್ಲ. ಲೆಕ್ಕವಿಲ್ಲದ ಕಾರಣ ಒಂದೇ ತಾಯಿಯ ಮಕ್ಕಳು ಸಲಾಂ ಹೇಳುವುದನ್ನೂ ನಿಲ್ಲಿಸುತ್ತಾರೆ. ರಮಝಾನಿನಲ್ಲಿ ಝಕಾತ್ ಕೊಡುವಾಗಲೂ ಇದೇ ಕಷ್ಟ. ಅಂಗಡಿಯ ಸರಕಿಗೆ ಬೆಲೆ ಕಟ್ಟಿ ಎರಡೂವರೆ ಶೇಕಡಾ ಕೊಡಬೇಕಾದವರು ಅಂದಾಜಿನಲ್ಲಿ ಒಂದಿಷ್ಟು ಹಂಚಿ ಸುಮ್ಮನಾಗುತ್ತಾರೆ. ಬಡವರ ಹಕ್ಕು ಅಂದಾಜಿನಲ್ಲಿ ತೀರುವುದಿಲ್ಲ.

2025ರ ಜುಲೈಯಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣವನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ನೀಡುವವರದ್ದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕೆಂಬ ನಿಯಮ ಹಲವರಿಗೆ ಗೊತ್ತೇ ಇರಲಿಲ್ಲ. ತೆರಿಗೆಯೇ ಇಲ್ಲದ ತರಕಾರಿ ಮಾರುವವರೂ ಕಂಗಾಲಾದರು. ಖರೀದಿ, ಮಾರಾಟದ ಪುಸ್ತಕ ಇಟ್ಟವನಿಗೆ ಉತ್ತರ ಕೊಡಲು ದಾರಿಯಿತ್ತು. ಏನೂ ಬರೆದಿಡದವನು ಕ್ಯೂಆರ್ ಕೋಡನ್ನು ಕಿತ್ತಿಟ್ಟ. ಅಂಥ ಅಂಗಡಿಯವನ ಮಗನೇ ಬಿಕಾಂ ಓದುತ್ತಿದ್ದು, ತಂದೆಯ ನೋಟಿಸನ್ನು ಓದಲಾರದೆ ಹೋದರೆ ಆ ಓದಿನಿಂದ ಏನು ಪ್ರಯೋಜನ?

ಆದ್ದರಿಂದ ಹೆತ್ತವರೇ, ಕೋರ್ಸನ್ನು ವಿಚಾರಿಸಿ ಆರಿಸಿ. ಲೆಕ್ಕದಲ್ಲಿ ಆಸಕ್ತಿಯಿರುವ ಮಗುವಿಗೆ ಬಿಕಾಂ ಸೂಕ್ತ. ಜನರೊಂದಿಗೆ ಬೆರೆತು ಕೆಲಸ ಮಾಡಿಸುವ, ಮಾರುವ ಗುಣವಿದ್ದರೆ ಬಿಬಿಎ ನೋಡಬಹುದು. 2024-25ರಿಂದ ಬಿಬಿಎ ಎಐಸಿಟಿಇ ವ್ಯಾಪ್ತಿಗೆ ಬಂದಿದೆ, ಹಾಗಾಗಿ ಶುಲ್ಕ ಕಟ್ಟುವ ಮುಂಚೆ ಕಾಲೇಜಿಗೆ ಅನುಮೋದನೆ ಇದೆಯೇ ಎಂದು ಕೇಳಿ. ಪರಿಶ್ರಮಿಗಳಿಗೆ ಸಿಎ ಇದೆ. ಫೌಂಡೇಶನ್‌ನಲ್ಲಿ ನಾಲ್ಕು ಪತ್ರಿಕೆಗಳು, ಅದರಲ್ಲಿ ಒಂದು ಗಣಿತ ಮತ್ತು ಸಂಖ್ಯಾಶಾಸ್ತ್ರದ್ದು. ಬಿಕಾಂನಲ್ಲಿ ಶೇಕಡಾ 55 ಅಂಕ ಪಡೆದವರು ಫೌಂಡೇಶನ್ ಬರೆಯದೆ ನೇರ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಪಾಸಾಗುವುದು ಸುಲಭವಲ್ಲ, ಒಮ್ಮೆ ಫೇಲಾದ ಮಗುವನ್ನು ನೆಂಟರ ಮುಂದೆ ಹಂಗಿಸಬೇಡಿ. ಈಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದವರು ಪಿಯುಸಿಯಲ್ಲಿ ವಾಣಿಜ್ಯ ಆರಿಸುವಾಗ, ಹೆದರಿ ಗಣಿತವನ್ನೂ ಸಂಖ್ಯಾಶಾಸ್ತ್ರವನ್ನೂ ಬಿಟ್ಟುಬಿಡದಿರುವುದು ಒಳ್ಳೆಯದು.

"ಉಸ್ತಾದ್, ಪುಸ್ತಕದಲ್ಲಿ ಬಡ್ಡಿಯ ಲೆಕ್ಕವಿದೆ, ಓದಬಹುದೇ?" ಎಂದು ಮಕ್ಕಳು ನಮ್ಮನ್ನು ಕೇಳುತ್ತಾರೆ. ಕೇಳುವ ಆ ಮನಸ್ಸನ್ನು ಅಲ್ಲಾಹನು ಕಾಪಾಡಲಿ. ಬಡ್ಡಿ ತಿನ್ನುವವನು, ಕೊಡುವವನು, ಅದರ ಪತ್ರ ಬರೆಯುವವನು, ಸಾಕ್ಷಿ ನಿಲ್ಲುವವರು ಎಲ್ಲರನ್ನೂ ಪ್ರವಾದಿ(ಸ)ರು ಶಪಿಸಿದ್ದಾರೆ. ತರಗತಿಯಲ್ಲಿ ಲೆಕ್ಕ ಬಿಡಿಸುವುದು ಬಡ್ಡಿಯ ವ್ಯವಹಾರ ಮಾಡಿದಂತಲ್ಲ. ಬಡ್ಡಿ ಎಲ್ಲೆಲ್ಲಿ ಅಡಗಿರುತ್ತದೆಂದು ಗುರುತಿಸಲು ಅದನ್ನು ತಿಳಿಯಲೇಬೇಕು. ಆದರೆ ಕೆಲಸ ಹುಡುಕುವಾಗ ಎಚ್ಚರವಿರಲಿ. ಲೆಕ್ಕ ಪರಿಶೋಧನೆ, ತೆರಿಗೆ ಸಲಹೆ, ರಫ್ತು, ಕಾರ್ಖಾನೆ, ಆಸ್ಪತ್ರೆಗಳ ಲೆಕ್ಕಪತ್ರ ವಿಭಾಗ, ಸ್ವಂತ ವ್ಯಾಪಾರ ಹೀಗೆ ಹಲಾಲಿನ ಬಾಗಿಲುಗಳು ಬಹಳ ಇವೆ. ಸಂಶಯ ಬಂದರೆ ಸಹಿ ಹಾಕುವ ಮುಂಚೆ ಬಲ್ಲ ಉಲಮಾಗಳನ್ನು ಕೇಳಿ. ಲೆಕ್ಕ ಕಲಿತವನು ಎರಡು ಪುಸ್ತಕ ಇಡುವುದನ್ನೂ ಕಲಿತರೆ ಆ ವಿದ್ಯೆಯೇ ಅವನ ವಿರುದ್ಧ ಸಾಕ್ಷಿ ಹೇಳೀತು.

ಹೆಣ್ಣುಮಕ್ಕಳ ವಿಷಯ. ಖದೀಜಾ(ರ) ಮಕ್ಕಾದ ವ್ಯಾಪಾರಿಯಾಗಿದ್ದರು. ಸಿರಿಯಾಕ್ಕೆ ತಮ್ಮ ಸರಕು ಒಯ್ಯಲು ಪ್ರವಾದಿ(ಸ)ರನ್ನು ಆರಿಸಿದ್ದು ಅವರ ಪ್ರಾಮಾಣಿಕತೆಯನ್ನು ಕಂಡು. ಹೆಣ್ಣಿನ ಸಂಪತ್ತು ಅವಳದ್ದೇ ಎಂದು ಶರೀಅತ್ ಹೇಳಿರುವಾಗ, ಅದರ ಲೆಕ್ಕ ಅವಳಿಗೆ ತಿಳಿದಿರಬೇಡವೇ? ಟ್ಯಾಲಿ, ಜಿಎಸ್‌ಟಿ ಕಲಿತ ಮಗಳು ಮನೆಯಲ್ಲೇ ಕುಳಿತು ನಾಲ್ಕು ಅಂಗಡಿಗಳ ಲೆಕ್ಕ ನೋಡಬಲ್ಲಳು. ಗಂಡ ತೀರಿಕೊಂಡ ದಿನ ಬ್ಯಾಂಕಿನ ಕಾಗದ ಹಿಡಿದು ಇನ್ನೊಬ್ಬರ ಮುಖ ನೋಡುವ ಸ್ಥಿತಿ ಅವಳಿಗೆ ಬಾರದು. ಮದುವೆಯ ಮಾತು ಬಂತೆಂದು ಕೊನೆಯ ವರ್ಷದಲ್ಲಿ ಓದು ಬಿಡಿಸಬೇಡಿ. ಪರೀಕ್ಷೆ ಮುಗಿಯುವವರೆಗೆ ಕಾಯುವಂತೆ ವರನ ಕಡೆಯವರಿಗೆ ಹೇಳಿ.

ಸಹೋದರರೇ, ಅಝಾನ್ ಕೇಳಿದಾಗ ವ್ಯಾಪಾರ ಬಿಟ್ಟು ಬರಬೇಕೆಂದು ಆಜ್ಞಾಪಿಸಿದ ಸೂರಃ ಜುಮುಅಃವೇ, ನಮಾಝ್ ಮುಗಿದ ಬಳಿಕ ಭೂಮಿಯಲ್ಲಿ ಹರಡಿ ಅಲ್ಲಾಹನ ಅನುಗ್ರಹವನ್ನು ಅರಸಬೇಕೆಂದೂ ಕಲಿಸಿದೆ. ಇಂದು ಮನೆಗೆ ಹೋಗಿ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿ ಅವರ ಇಷ್ಟವೇನೆಂದು ಕೇಳಿ. ಕಾಲೇಜಿಗೆ ಸೇರಿದ ಮೊದಲ ತಿಂಗಳಿನಿಂದಲೇ ಅಂಗಡಿಯ ಅಥವಾ ಮನೆಯ ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಡಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ಹಲಾಲಾದ ಸಂಪಾದನೆಯನ್ನೂ, ಅವನ ಮುಂದೆ ಸುಲಭವಾದ ವಿಚಾರಣೆಯನ್ನೂ ಕರುಣಿಸಲಿ. ಆಮೀನ್.