ಬದುಕಿನ ನಡುವೆ ಪ್ರಾರ್ಥನೆ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಕೂಟದಲ್ಲಿ ಕ್ಷೇತ್ರ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣ)



ಪ್ರಾರ್ಥನೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಫಾದರ್ ಕೇಳಿದಾಗ ನಾನು ಹಿಂಜರಿದೆ. ಅದು ಗುರುಗಳು ಹೇಳಬೇಕಾದ ವಿಷಯ, ನಾನು ಉಳಿತಾಯ, ಸಾಲ, ಕಂತಿನ ಲೆಕ್ಕ ಹೇಳುವವಳು ಅಂದೆ. "ಆ ಲೆಕ್ಕದ ನಡುವೆ ಹೇಗೆ ಪ್ರಾರ್ಥನೆ ಮಾಡ್ತೀರಿ, ಅದನ್ನೇ ಹೇಳಿ" ಅಂದರು. ಅದಕ್ಕೆ ಬಂದು ನಿಂತಿದ್ದೇನೆ. ಇಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಹೋದರಿಯರು ಎಲ್ಲರೂ ಇದ್ದೀರಿ. ನಾನು ಕ್ರೈಸ್ತಳಾಗಿ ಕಲಿತದ್ದನ್ನು ಹೇಳುತ್ತೇನೆ, ನಿಮ್ಮ ನಿಮ್ಮ ಪ್ರಾರ್ಥನೆಗೆ ಹೊಂದುವುದನ್ನು ತೆಗೆದುಕೊಳ್ಳಿ.

ಕೆಲವು ವರ್ಷಗಳ ಹಿಂದೆ ನಡೆದದ್ದು. ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಘದ ಪಾಸ್‌ಬುಕ್ ಪರಿಶೀಲಿಸುವಾಗ ಎರಡು ತಿಂಗಳ ಬ್ಯಾಂಕ್ ಕಂತು ಜಮಾ ಆಗಿರಲಿಲ್ಲ. ತಿಂಗಳಿಗೆ 3,200ರಂತೆ 6,400 ರೂಪಾಯಿ. ಸದಸ್ಯರೆಲ್ಲ ಕಟ್ಟಿದ್ದರು. ಹಣ ಬ್ಯಾಂಕಿಗೆ ಹೋಗಬೇಕಾದದ್ದು ಪ್ರತಿನಿಧಿಯ ಕೈಯಿಂದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರುದಿನ ಸಂಜೆಯೇ ಸಂಘದ ಸಭೆ. ಹದಿನಾಲ್ಕು ಜನರ ಎದುರು ಆಕೆಯನ್ನು ನಿಲ್ಲಿಸಿ ಕೇಳಬೇಕು, ಬೇರೆಯವರಿಗೂ ಪಾಠವಾಗಲಿ ಅಂತ ತೀರ್ಮಾನ ಮಾಡಿಕೊಂಡೇ ಮನೆಗೆ ಹೋದೆ.

ರಾತ್ರಿ ಜಪಸರ ಹಿಡಿದು ಕುಳಿತೆ. ಬಾಯಿ "ನಮೋ ಮರಿಯಾ" ಅನ್ನುತ್ತಿತ್ತು, ಮನಸ್ಸು ನಾಳೆ ಆಡಬೇಕಾದ ಮಾತುಗಳನ್ನು ಜೋಡಿಸುತ್ತಿತ್ತು. ಕೊನೆಗೆ ಜಪಸರ ಕೆಳಗಿಟ್ಟು, "ಸ್ವಾಮಿ, ನನಗೆ ಸಿಟ್ಟು ಬಂದಿದೆ. ಏನು ಮಾಡಲಿ?" ಎಂದೆ. ಆಕಾಶದಿಂದ ಯಾವ ದನಿಯೂ ಬರಲಿಲ್ಲ. ಆದರೆ ಸುಮ್ಮನೆ ಕುಳಿತಾಗ ಒಂದು ವಿಷಯ ನೆನಪಾಯಿತು. ಎರಡು ತಿಂಗಳಿಂದ ನಾನು ಆಕೆಯ ಮನೆ ಕಡೆ ಹೋಗಿಯೇ ಇರಲಿಲ್ಲ. ಮೊದಲು ಅಲ್ಲಿಗೆ ಹೋಗಬೇಕು ಅನ್ನಿಸಿತು. ಹಾಗೆ ಅನ್ನಿಸಿದ ಮೇಲೆ ಎದೆಯ ಭಾರ ಸ್ವಲ್ಪ ಇಳಿಯಿತು, ನಿದ್ದೆ ಬಂತು.

ಬೆಳಿಗ್ಗೆ ಹೋದೆ. ಮಗನಿಗೆ ಡೆಂಗೆ ಜ್ವರ ಬಂದು ಆಸ್ಪತ್ರೆಗೆ ಸೇರಿಸಿದ್ದರಂತೆ. ಹಳೆಯ ಸಾಲ ಬಾಕಿ ಇದ್ದುದರಿಂದ ಸಂಘದಲ್ಲಿ ಹೊಸ ಸಾಲ ಕೇಳುವಂತಿರಲಿಲ್ಲ. ಕೈಯಲ್ಲಿದ್ದ ಕಂತಿನ ಹಣ ಖರ್ಚು ಮಾಡಿಬಿಟ್ಟಿದ್ದಳು. "ಅಕ್ಕಾ, ಹೇಳೋಕೆ ಮುಖ ಇರಲಿಲ್ಲ" ಅಂತ ಅತ್ತಳು. ಆದದ್ದು ತಪ್ಪೇ. ಅದನ್ನು ಮುಚ್ಚಿಡಲು ನಾನು ಒಪ್ಪಲಿಲ್ಲ. ಆದರೆ ಸಂಜೆ ಸಭೆಯಲ್ಲಿ ನಾನು ಹೇಳುವ ಬದಲು ಆಕೆಯೇ ಎದ್ದು ನಿಂತು ಹೇಳಿದಳು. ಸಂಘದವರು ಬೈದರು, ಅತ್ತರು, ಕೊನೆಗೆ ತಿಂಗಳಿಗೆ 400ರಂತೆ 16 ತಿಂಗಳಲ್ಲಿ ತೀರಿಸಲು ಒಪ್ಪಿದರು. ಇನ್ನು ಮುಂದೆ ಬ್ಯಾಂಕಿಗೆ ಇಬ್ಬರು ಒಟ್ಟಿಗೆ ಹೋಗಬೇಕು, ಕಾಯಿಲೆಯ ತುರ್ತಿಗೆ ಸ್ವಲ್ಪ ಹಣ ಬೇರೆ ತೆಗೆದಿಡಬೇಕು ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿದರು. ಎಲ್ಲವೂ ಚೆನ್ನಾಗಿಯೇ ಮುಗಿಯಿತು ಎಂದು ಹೇಳಲಾರೆ. ಒಬ್ಬ ಸದಸ್ಯೆ ಸಂಘ ಬಿಟ್ಟರು, ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ. ಆದರೆ ಹಣವೆಲ್ಲ ಬಂತು, ಆ ತಾಯಿ ಊರಲ್ಲಿ ತಲೆ ಎತ್ತಿ ನಡೆಯುತ್ತಿದ್ದಾಳೆ.

ಪ್ರಾರ್ಥನೆ ದಾರಿ ತೋರಿಸುತ್ತದೆ ಅಂದರೆ ಏನು ಎಂದು ನನಗೆ ಅರ್ಥವಾದದ್ದು ಆಗ. ಈ ವಿಷಯದಲ್ಲಿ ನಮಗೆ ಒಳ್ಳೆಯ ಗುರು ಸಂತ ಇಗ್ನೇಷಿಯಸ್ ಲೊಯೋಲ. ಅವರು ಮೊದಲು ಸೈನಿಕ. 1521ರಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದಾಗ ವೀರರ ಕಥೆಗಳನ್ನು ಓದಲು ಕೇಳಿದರು. ಮನೆಯಲ್ಲಿ ಅವು ಇರಲಿಲ್ಲ, ಯೇಸುಸ್ವಾಮಿಯ ಜೀವನ ಮತ್ತು ಸಂತರ ಚರಿತ್ರೆ ಸಿಕ್ಕಿತು. ಆಗ ಅವರು ಒಂದನ್ನು ಗಮನಿಸಿದರು. ಲೋಕದ ಕೀರ್ತಿಯ ಕನಸು ಕಂಡಾಗ ಆ ಹೊತ್ತಿಗೆ ಖುಷಿ, ಆಮೇಲೆ ಮನಸ್ಸು ಬರಡು. ಸಂತರಂತೆ ಬದುಕಬೇಕು ಎಂದು ಯೋಚಿಸಿದಾಗ ಬಂದ ಸಂತೋಷ ಆಮೇಲೂ ಉಳಿಯುತ್ತಿತ್ತು. ಯಾವ ಯೋಚನೆ ಕೊನೆಗೆ ಸಮಾಧಾನ ಉಳಿಸುತ್ತದೋ ಅದನ್ನು ಗಮನಿಸಬೇಕು ಎಂಬುದು ಅವರು ಕಂಡುಕೊಂಡ ದಾರಿ. ಆಕೆಯನ್ನು ಎಲ್ಲರೆದುರು ನಿಲ್ಲಿಸುವ ಯೋಚನೆ ನನಗೂ ಮೊದಲು ಬಿಸಿ ಬಿಸಿಯಾಗಿ ಹಿಡಿಸಿತ್ತು!

ದಿನದ ಕೊನೆಗೆ ಆತ್ಮಶೋಧನೆ ಮಾಡುವ ಕ್ರಮವನ್ನೂ ಅವರು ಕಲಿಸಿದರು. ಹತ್ತು ಹದಿನೈದು ನಿಮಿಷ ಸಾಕು. ಓದು ಬರಹ ಬೇಕಿಲ್ಲ.

1. ಈ ದಿನ ಸಿಕ್ಕ ಒಳ್ಳೆಯದಕ್ಕೆ ದೇವರಿಗೆ ವಂದನೆ ಹೇಳುವುದು. ಬಸ್ಸಿನಲ್ಲಿ ಸೀಟು ಸಿಕ್ಕಿದ್ದೂ ಅದರಲ್ಲಿ ಸೇರಲಿ.
2. ನನ್ನನ್ನು ನಾನು ಸರಿಯಾಗಿ ನೋಡಿಕೊಳ್ಳಲು ಬೆಳಕು ಕೊಡು ಎಂದು ಬೇಡುವುದು.
3. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿವರೆಗೆ ಆದದ್ದನ್ನು ನಿಧಾನವಾಗಿ ನೆನೆಯುವುದು. ಎಲ್ಲಿ ಸಿಟ್ಟು ಬಂತು? ಎಲ್ಲಿ ಮನಸ್ಸು ಹಗುರಾಯಿತು?
4. ತಪ್ಪಿದ್ದಕ್ಕೆ ಕ್ಷಮೆ ಕೇಳುವುದು.
5. ನಾಳೆ ಮಾಡಬೇಕಾದ ಒಂದು ಕೆಲಸವನ್ನು ದೇವರ ಮುಂದಿಡುವುದು. ಒಂದೇ ಸಾಕು, ಹತ್ತು ಬೇಡ.

ಇನ್ನು ಸಾಂತ್ವನದ ಮಾತು. ಬೈಬಲ್ಲಿನಲ್ಲಿ ಪ್ರವಾದಿ ಎಲೀಯನ ಕಥೆ ಇದೆ. ರಾಣಿ ಜೆಜೆಬೆಲಳ ಬೆದರಿಕೆಗೆ ಹೆದರಿ ಮರುಭೂಮಿಗೆ ಓಡಿದವನು ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಕೇಳಿಕೊಂಡು ಮಲಗಿಬಿಟ್ಟ. ದೇವರು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ದೂತನ ಕೈಯಲ್ಲಿ ಬಿಸಿ ರೊಟ್ಟಿ, ಒಂದು ಪಾತ್ರೆ ನೀರು ಕಳುಹಿಸಿದರು. ತಿಂದು ಮತ್ತೆ ಮಲಗಿದ, ಮತ್ತೊಮ್ಮೆ ಎಬ್ಬಿಸಿ ಊಟ ಕೊಟ್ಟರು. ಆಮೇಲೆ ಹೋರೇಬ್ ಬೆಟ್ಟದಲ್ಲಿ ಮೆಲ್ಲನೆಯ ದನಿಯಲ್ಲಿ ಮಾತಾಡಿದರು. ನಾನೊಬ್ಬನೇ ಉಳಿದಿದ್ದೇನೆ ಎಂದು ಅವನು ಹೇಳಿಕೊಂಡರೆ, ನಂಬಿಕೆ ಬಿಡದವರು ಇನ್ನೂ 7,000 ಜನ ಇದ್ದಾರೆ ಎಂದು ತಿಳಿಸಿದರು. ಊಟ, ನಿದ್ದೆ, ನೀನು ಒಂಟಿಯಲ್ಲ ಎಂಬ ಮಾತು. ದುಃಖದಲ್ಲಿ ಇರುವವರಿಗೆ ಬೇಕಾದದ್ದು ಇವೇ ಅಲ್ಲವೇ? ಸಾವಾದ ಮನೆಗೆ ನೀವು ಅನ್ನ ಬೇಯಿಸಿ ಒಯ್ದು ಕೊಡುತ್ತೀರಲ್ಲ, ಆ ದೂತನ ಕೆಲಸ ಅದೇ.

ಕೆಲವೊಮ್ಮೆ ಎಷ್ಟು ಪ್ರಾರ್ಥಿಸಿದರೂ ಸಾಂತ್ವನ ಸಿಗುವುದಿಲ್ಲ. ನನ್ನ ತಂದೆ ಲಕ್ವ ಹೊಡೆದು ಮಲಗಿದ್ದ ದಿನಗಳಲ್ಲಿ ನನ್ನ ಪ್ರಾರ್ಥನೆ ಗೋಡೆಗೆ ಹೇಳಿದ ಹಾಗಿತ್ತು. ನನ್ನ ನಂಬಿಕೆಯೇ ಕೆಟ್ಟುಹೋಯಿತೇನೋ ಎಂದು ಹೆದರಿದ್ದೆ. ಮದರ್ ತೆರೇಸರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಲೋಕಕ್ಕೆ ಗೊತ್ತಾಯಿತು, ಅವರೂ ಎಷ್ಟೋ ವರ್ಷ ಒಳಗೆ ಕತ್ತಲೆಯನ್ನೇ ಅನುಭವಿಸಿದ್ದರು ಅಂತ. ಆದರೂ ಬೆಳಿಗ್ಗೆ ಎದ್ದು ಪ್ರಾರ್ಥಿಸಿದರು, ಬಡವರ ಬಳಿಗೆ ಹೋದರು. 2016ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ಒಳಗೆ ಏನೂ ಅನ್ನಿಸದಿದ್ದರೂ ಕುಳಿತು ಪ್ರಾರ್ಥಿಸುವುದು ವ್ಯರ್ಥವಲ್ಲ. ಗೆತ್ಸೆಮನಿ ತೋಟದಲ್ಲಿ ಯೇಸುಸ್ವಾಮಿಯೂ ಕಷ್ಟದ ಪಾತ್ರೆ ದೂರವಾಗಲಿ ಎಂದು ಬೇಡಿದರು. ಅದು ದೂರವಾಗಲಿಲ್ಲ, ಎದುರಿಸುವ ಬಲ ಸಿಕ್ಕಿತು.

ಕೊನೆಗೆ ಒಂದು ಮುಖ್ಯ ಮಾತು. ಪ್ರಾರ್ಥನೆ ಮಾಡ್ತೀನಿ ಅಂತ ಮಾತ್ರೆ ನಿಲ್ಲಿಸಬೇಡಿ. ಗಂಡ ಹೊಡೆದರೆ ಸಹಿಸಿಕೊಂಡು ಪ್ರಾರ್ಥಿಸು ಎಂದು ಯಾರಿಗೂ ಹೇಳಬೇಡಿ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ ಕಾನೂನು 2005ರಲ್ಲೇ ಬಂದಿದೆ. ಮಹಿಳಾ ಸಹಾಯವಾಣಿ 181 ಇದೆ. ಬದುಕೇ ಬೇಡ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಸಹಾಯ ಕೇಳುವುದು ನಂಬಿಕೆ ಇಲ್ಲದವರ ಲಕ್ಷಣವಲ್ಲ. ಎಲೀಯನಿಗೆ ರೊಟ್ಟಿ ಕಳುಹಿಸಿದ ದೇವರೇ ನಮಗೆ ಈ ಕೈಗಳನ್ನೂ ಕಳುಹಿಸುತ್ತಾರೆ.

ಪ್ರಾರ್ಥನೆಗೆ ಪುರುಸೊತ್ತು ಎಲ್ಲಿದೆ ಅಂತ ಕೇಳುತ್ತೀರಿ. ಒಲೆ ಹಚ್ಚುವಾಗ ಒಂದು ವಂದನೆ, ಕಳೆ ಕೀಳುವಾಗ ಒಬ್ಬರ ನೆನಪು, ದೀಪ ಆರಿಸುವ ಮುಂಚೆ ಆ ಐದು ಹೆಜ್ಜೆ. ಇವತ್ತು ರಾತ್ರಿಯೇ ಶುರು ಮಾಡೋಣ. ನೀವು ಸಿಟ್ಟು ಮಾಡಿಕೊಂಡಿರುವ ಒಬ್ಬರ ಹೆಸರನ್ನು ದೇವರ ಮುಂದೆ ಹೇಳಿ ನೋಡಿ. ಬೆಳಿಗ್ಗೆ ಯಾರ ಮನೆಗೆ ಮೊದಲು ಹೋಗಬೇಕು ಎಂದು ಗೊತ್ತಾಗಬಹುದು.

ದೇವರು ನಿಮ್ಮೆಲ್ಲರನ್ನೂ, ನಿಮ್ಮ ಮನೆ-ಮಕ್ಕಳನ್ನೂ ಆಶೀರ್ವದಿಸಲಿ.