ಸ್ಕ್ರೋಲ್ ಎಂಬ ಮಾತು

ಬೆಟ್ಟದಪುರದಲ್ಲಿ, ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದ ಬುಡದ ಒಂದು ಜಗುಲಿಯ ಮೇಲೆ, ಹೊಗೆಸೊಪ್ಪು ಬೆಳೆಯುವ ವೃದ್ಧರೊಬ್ಬರು ಮೊಮ್ಮಗನ ಮೊಬೈಲಿನಲ್ಲಿ ತಮ್ಮ ಜಮೀನಿನ ಪಹಣಿಯನ್ನು ನೋಡುತ್ತಿದ್ದರು. “ತಾತ, ಕೆಳಕ್ಕೆ ಸ್ಕ್ರೋಲ್ ಮಾಡಿ” ಎಂದನು ಹುಡುಗ. ಅವರು ಗಾಜಿನ ಮೇಲೆ ಬೆರಳಿಟ್ಟು, ಗೋಡೆಗೆ ಸುಣ್ಣ ಬಳಿಯುವವರಂತೆ ನಿಧಾನವಾಗಿ ಕೆಳಕ್ಕೆ ಎಳೆದರು; ಪುಟವು ಅಲುಗಲಿಲ್ಲ. “ಹಾಗಲ್ಲ, ಮೇಲಕ್ಕೆ ತಳ್ಳಿ.” “ಕೆಳಕ್ಕೆ ಅಂದವನೂ ನೀನೇ, ಮೇಲಕ್ಕೆ ಅನ್ನೋನೂ ನೀನೇ!” ಎಂದು ಅವರು ಫೋನನ್ನು ಮಡಿಲಲ್ಲಿಟ್ಟುಕೊಂಡರು. ಅವರ ಆಕ್ಷೇಪಣೆ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ.

ಹಳೆಯ ಫ್ರೆಂಚಿನಲ್ಲಿ ಚರ್ಮಪತ್ರದ ಪಟ್ಟಿ ಎಂಬರ್ಥದ ಶಬ್ದವೊಂದು ಇಂಗ್ಲಿಷಿಗೆ ಬಂದು, ಸುರುಳಿ ಎಂಬರ್ಥದ ‘ರೋಲ್’ ಶಬ್ದದ ಸಹವಾಸದಿಂದ ‘ಸ್ಕ್ರೋಲ್’ ಎಂಬ ರೂಪವನ್ನು ತಾಳಿತು. ಅದು ಮೊದಲು ವಸ್ತುವಿನ ಹೆಸರು. ಕ್ರಿಯೆಯ ಹೆಸರಾಗಿ ಪರದೆಯ ಮೇಲೆ ಓಡಾಡತೊಡಗಿದುದು ಗಣಕಯಂತ್ರದ ಯುಗದಲ್ಲಿ. ನಮ್ಮ ಹಿರಿಯರ ಪೆಟ್ಟಿಗೆಗಳಲ್ಲಿ ದೊರೆಯುವ ಉದ್ದನೆಯ ಜಾತಕದ ಸುರುಳಿಯನ್ನು ಬಿಚ್ಚಿದವರಿಗೆ ಇದರ ಮರ್ಮವು ತಾನಾಗಿ ತಿಳಿಯುವುದು: ಒಂದು ಕೈ ಕೆಳಗಡೆ ಬಿಚ್ಚುತ್ತದೆ, ಇನ್ನೊಂದು ಕೈ ಮೇಲುಗಡೆ ಸುತ್ತುತ್ತದೆ; ಕಾಗದವು ಮೇಲಕ್ಕೆ ಸರಿಯುತ್ತಿದ್ದರೂ ಓದುವ ಕಣ್ಣು ಬರವಣಿಗೆಯಲ್ಲಿ ಕೆಳಗಿಳಿಯುತ್ತಿರುತ್ತದೆ. ಕನ್ನಡನಾಡಿನ ಕಡತದ ರೀತಿ ಬೇರೆ. ಹುಣಿಸೆಬೀಜದ ಸರಿಗೆ ಇದ್ದಲಿನ ಕಪ್ಪನ್ನು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಆ ಕಡತವನ್ನು ಮಗುಚಿ ಓದಬೇಕಲ್ಲದೆ ಸುತ್ತಿ ಓದುವಂತಿರಲಿಲ್ಲ.

ಸುರುಳಿಯಲ್ಲಿ ಕಾಗದವು ಮೇಲಕ್ಕೂ ಕಣ್ಣು ಕೆಳಕ್ಕೂ ಸಾಗುವ ಈ ಇಬ್ಬಗೆಯು ಬೆಟ್ಟದ ಮೆಟ್ಟಿಲನ್ನು ಹತ್ತುವವರಿಗೆ ಅನುಭವಸಿದ್ಧವಾದುದು. ನಾವು ಮೇಲೇರಿದಂತೆಲ್ಲ ಊರಿನ ಹೆಂಚುಗಳೂ ಹೊಲಗಳ ಬದುಗಳೂ ಕೆಳಕೆಳಗೆ ಇಳಿಯುವಂತೆ ತೋರುವುವು. ಚಲನೆಯೊಂದೇ, ಅದನ್ನು ಹೇಳುವ ಮಾತು ಎರಡು. ಹಾಗೆಯೇ ಗಣಕದ ಪರದೆಯಂಚಿನ ಪಟ್ಟಿಯಲ್ಲಿದ್ದ ಚೌಕವನ್ನು ಮೌಸಿನಿಂದ ಕೆಳಕ್ಕೆಳೆದಾಗ ಬರಹವು ಮೇಲಕ್ಕೆ ಹೋಗುತ್ತಿತ್ತು. ಏಕೆಂದರೆ ಆ ಚೌಕವು ಬರಹವಲ್ಲ, ಓದುಗನು ನಿಂತಿರುವ ತಾಣ. ಬೆರಳು ಪರದೆಯನ್ನೇ ಮುಟ್ಟುವ ಕಾಲ ಬಂದಾಗ ಕೈಗೆ ಸಿಕ್ಕಿದ್ದು ತಾಣವಲ್ಲ, ಪುಟವೇ. ಆದರೂ ‘ಕೆಳಕ್ಕೆ’ ಎಂಬ ಹಳೆಯ ಮಾತು ಉಳಿಯಿತು. 2011ರಲ್ಲಿ ಆಪಲ್ ಸಂಸ್ಥೆಯು ತನ್ನ ಗಣಕಗಳಲ್ಲಿಯೂ ಬೆರಳು ಸಾಗಿದ ಕಡೆಗೇ ಪುಟವು ಸಾಗುವಂತೆ ಮಾಡಿ, ಅದನ್ನು ‘ಸಹಜ’ವೆಂದು ಕರೆದಾಗ, ಹಳೆಯ ರೂಢಿಯವರು ಕೆಲವರು ಆ ಏರ್ಪಾಡನ್ನು ತಿರುಗಿ ಬದಲಿಸಿಕೊಂಡರು.

ನಮ್ಮಲ್ಲಿ ‘ಸರಿಸು’, ‘ತಳ್ಳು’, ‘ಇಳಿ’ ಎಂಬ ಚೊಕ್ಕ ಧಾತುಗಳಿವೆ. ಪುಟವನ್ನು ಕುರಿತು ಹೇಳುವಾಗ ‘ಮೇಲಕ್ಕೆ ಸರಿಸು’ ಎನ್ನಬೇಕು. ಓದುವವನನ್ನು ಕುರಿತು ಹೇಳುವಾಗ ‘ಕೆಳಗಿಳಿ’ ಎನ್ನಬೇಕು. ಇಂಗ್ಲಿಷಿನ ಆ ಒಂದು ಶಬ್ದ ಬೆರಳಿಗೂ ಕಣ್ಣಿಗೂ ಏಕಕಾಲದಲ್ಲಿ ಆಜ್ಞೆ ಮಾಡಹೋಗಿ ಎರಡನ್ನೂ ತೊಡಕಿಗೆ ಸಿಲುಕಿಸಿತು.

ಆ ಹುಡುಗನೂ ಕೊನೆಗೆ ಇಂಗ್ಲಿಷನ್ನು ಬಿಟ್ಟು, “ತಾತ, ಕಾಗದಾನ ಮೇಲಕ್ಕೆ ಸರಿಸಿ” ಎಂದನು. ಅವರು ಬೆರಳನ್ನು ಮೇಲಕ್ಕೆ ಒತ್ತಿ ತಳ್ಳಿದರು. ಸರ್ವೆ ನಂಬರು ಮರೆಯಾಗಿ ವಿಸ್ತೀರ್ಣವೂ, ಅದರ ಹಿಂದೆಯೇ ಅವರ ತಂದೆಯ ಹೆಸರೂ ಮೇಲೆದ್ದು ಬಂದುವು.